ನಾಲ್ಕನೇ ನಡೆಗೆ ಮುಗಿದ ಬಾಯಿಪಾಠ: ದಾವಣಗೆರೆ ಕ್ಲಬ್ಬಿನ ಒಂದು ಟ್ರಾಕ್ಸ್ಲರ್ ಪಂದ್ಯ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಭಾನುವಾರ ಬೆಳಿಗ್ಗೆ ಸೇರುವ ನಮ್ಮ ಚೆಸ್ ಕ್ಲಬ್ಬಿನ ಲೀಗ್ ಪಂದ್ಯ ಇದು. ಟ್ರಾಕ್ಸ್ಲರ್ ಅನ್ನುವುದು ಕಪ್ಪು ಕಾಯಿಯವರು ಆಡುವ ಒಂದು ಓಪನಿಂಗ್, ಅಂದರೆ ಆಟ ಶುರು ಮಾಡುವ ನಡೆಗಳ ಸಾಲು. ಪಂದ್ಯ ಬರೀ 13 ನಡೆಗೆ ಮುಗಿಯಿತು. ಗೆದ್ದವರು ಆಟದುದ್ದಕ್ಕೂ ಹತ್ತು ನಿಮಿಷವನ್ನೂ ಖರ್ಚು ಮಾಡಲಿಲ್ಲ. ಸೋತ ಹುಡುಗ ನಲವತ್ತು ನಿಮಿಷಕ್ಕೂ ಜಾಸ್ತಿ ಯೋಚಿಸಿದ. ಸೋಲು ಗೆಲುವು ದಿನಾ ಇರುವಂಥದ್ದೇ. ಆದರೆ ಹುಡುಗ ಆ ನಲವತ್ತು ನಿಮಿಷವನ್ನು ಎಲ್ಲಿ ಕಳೆದ, ಎಲ್ಲಿ ಕಳೆಯಬೇಕಿತ್ತು ಅನ್ನೋದು ಈ ಪಂದ್ಯದಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ. ಹಾಗಾಗಿ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ. ಮಕ್ಕಳಿಗೆ ಚೆಸ್ ಕಲಿಸುವವರು, ಮಕ್ಕಳನ್ನು ಟೂರ್ನಮೆಂಟಿಗೆ ಕರೆದುಕೊಂಡು ಓಡಾಡುವ ಅಪ್ಪ ಅಮ್ಮಂದಿರು ಒಂದು ಬೋರ್ಡ್ ಮುಂದಿಟ್ಟುಕೊಂಡು ಓದಿದರೆ ಒಳ್ಳೆಯದು.

ನಮ್ಮ ಲೀಗಿನಲ್ಲಿ ಒಬ್ಬೊಬ್ಬರಿಗೆ 60 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಸೇರ್ಪಡೆ. ನಡೆ ಬರೆಯುವುದು ಕಡ್ಡಾಯ. ಅದರ ಜೊತೆಗೆ, ಆಡಿದ ಮೇಲೆ ಗಡಿಯಾರದಲ್ಲಿ ಎಷ್ಟು ಉಳಿದಿದೆ ಅಂತಲೂ ಪಕ್ಕದಲ್ಲಿ ಬರೆಯಿರಿ ಎಂದು ಎಲ್ಲರಿಗೂ ಹೇಳುತ್ತೇವೆ. ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮದಲ್ಲೂ ಅದಕ್ಕೆ ಅವಕಾಶವಿದೆ. ಸುಮ್ನೆ ಒಂದು ಅಂಕಿ ಅನ್ನಿಸುತ್ತದೆ. ಆದರೆ ಪಂದ್ಯ ಮುಗಿದ ಮೇಲೆ ನಡೆಗಳಿಗಿಂತ ಜಾಸ್ತಿ ವಿಷಯವನ್ನು ಆ ಅಂಕಿಗಳೇ ಹೇಳುವುದುಂಟು.

ಬಿಳಿ ಕಾಯಿ ಆಡಿದವನು ಹರಿಹರದಿಂದ ಬಸ್ಸಿನಲ್ಲಿ ಬರುವ ಒಂಬತ್ತನೇ ತರಗತಿ ಹುಡುಗ. ಚುರುಕು. ಲೆಕ್ಕ ಬೇಗ ಮಾಡುತ್ತಾನೆ. ಮೊಬೈಲಿನಲ್ಲಿ ವಿಡಿಯೋ ನೋಡಿ ನಾಲ್ಕೈದು ಓಪನಿಂಗ್ ಬಾಯಿಪಾಠ ಮಾಡಿಕೊಂಡಿದ್ದ. 2024ರ ಡಿಸೆಂಬರಿನಲ್ಲಿ ಗುಕೇಶ್ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ ಮೇಲೆ ಇಂಥ ಮಕ್ಕಳು ನಮ್ಮಲ್ಲಿಗೆ ತುಂಬಾ ಬರುತ್ತಿದ್ದಾರೆ. ನೋಡಿದರೆ ಖುಷಿಯಾಗುತ್ತದೆ.

ಕಪ್ಪು ಕಾಯಿಯ ಕಡೆ ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವ ಹಿರಿಯರು. ಅರವತ್ತು ದಾಟಿದೆ. ಊರಿನ ಹತ್ತಿ ಗಿರಣಿಗಳು ಇನ್ನೂ ನಡೆಯುತ್ತಿದ್ದ ಕಾಲದಲ್ಲಿ, ಪಾಳಿ ಮುಗಿಸಿ ಬಂದ ಕಾರ್ಮಿಕರ ಜೊತೆ ಕೂತು ಆಟ ಕಲಿತವರು. ಪುಸ್ತಕ ಓದಿದವರಲ್ಲ. ಈ ಪಂದ್ಯದಲ್ಲಿ ಅವರು ಆಡಿದ ಓಪನಿಂಗ್‌ಗೆ ಒಂದು ಹೆಸರಿದೆ ಅಂತ ಅವರಿಗೆ ಗೊತ್ತಾಗಿದ್ದೇ ಎಷ್ಟೋ ವರ್ಷದ ಮೇಲೆ. ಹೆಸರು ಗೊತ್ತಾಗುವ ಹೊತ್ತಿಗೆ ಅದನ್ನು ನೂರಾರು ಸಲ ಆಡಿ, ನೂರಾರು ಸಲ ಹೊಡೆತ ತಿಂದು, ಹೊಡೆತ ಕೊಟ್ಟು ಮುಗಿಸಿದ್ದರು.

ಬರೆಯುವ ಕ್ರಮದ ಬಗ್ಗೆ ಒಂದು ಮಾತು. ಮನೆಗಳಿಗೆ ಎ ಇಂದ ಎಚ್ ತನಕ ಅಕ್ಷರ, 1ರಿಂದ 8ರ ತನಕ ಅಂಕಿ. ಒಂಟೆ ಅಂದರೆ ಬಿಷಪ್, ಆನೆ ಅಂದರೆ ರೂಕ್. ಕಾಯಿಯ ಹೆಸರಿಲ್ಲದೆ ಬರೀ ಮನೆ ಬರೆದಿದ್ದರೆ ಅದು ಪಾನ್ (ಕಾಲಾಳು) ನಡೆ. ಮೊದಲು ಬಿಳಿ, ಆಮೇಲೆ ಕಪ್ಪು. ಅಂಕಿಯ ಮುಂದೆ ಮೂರು ಚುಕ್ಕೆ ಇದ್ದರೆ ಅದು ಕಪ್ಪಿನ ನಡೆ.

ಹುಡುಗನಿಗೆ ಗೊತ್ತಿದ್ದದ್ದು

1. ಇ4, ಇ5
2. ಕುದುರೆ ಎಫ್3, ಕುದುರೆ ಸಿ6
3. ಒಂಟೆ ಸಿ4, ಕುದುರೆ ಎಫ್6
4. ಕುದುರೆ ಜಿ5

ಇದು ಟೂ ನೈಟ್ಸ್ ಡಿಫೆನ್ಸ್ ಎಂಬ ಓಪನಿಂಗ್. ಆಟದ ಶುರುವಿನಲ್ಲಿ ಎಫ್7ರ ಪಾನ್‌ಗೆ ರಾಜನೊಬ್ಬನೇ ಕಾವಲು. ಬೇರೆ ಯಾರೂ ಇಲ್ಲ. ಬಿಳಿಯ ಒಂಟೆ, ಕುದುರೆ ಎರಡೂ ಈಗ ಆ ಮನೆಗೇ ಗುರಿಯಿಟ್ಟಿವೆ. ಕುದುರೆ ಎಫ್7ಕ್ಕೆ ಬಂದರೆ ರಾಣಿ, ಆನೆ ಎರಡಕ್ಕೂ ಒಟ್ಟಿಗೆ ಫೋರ್ಕ್, ಅಂದರೆ ಒಂದೇ ಕಾಯಿಯಿಂದ ಎರಡರ ಮೇಲೂ ದಾಳಿ.

ಸಾಮಾನ್ಯವಾಗಿ ಕಪ್ಪು ಇಲ್ಲಿ 4... ಡಿ5 ಆಡುತ್ತದೆ. ಬಿಳಿಯ ಪಾನ್ ಅದನ್ನು ಹೊಡೆಯುತ್ತದೆ. ಆಗ ಕಪ್ಪು ಕುದುರೆ ಎ5ಕ್ಕೆ ಹೋಗಿ ಒಂಟೆಯನ್ನು ಮುಟ್ಟುವುದು ಸರಿಯಾದ ದಾರಿ. ಗೊತ್ತಿಲ್ಲದವರು ಕುದುರೆಯಿಂದಲೇ ಡಿ5 ಪಾನ್ ವಾಪಸ್ ಹೊಡೆಯುತ್ತಾರೆ. ಅಲ್ಲಿಗೆ ಫ್ರೈಡ್ ಲಿವರ್ ದಾಳಿ: ಬಿಳಿ ಕುದುರೆ ಎಫ್7ರಲ್ಲಿ ಬಲಿಯಾಗುತ್ತದೆ, ರಾಜ ಅದನ್ನು ಹೊಡೆಯುತ್ತಾನೆ, ರಾಣಿ ಎಫ್3ಕ್ಕೆ ಬಂದು ಚೆಕ್ ಕೊಡುತ್ತಾಳೆ. ಡಿ5ರ ಕುದುರೆ ಉಳಿಸಿಕೊಳ್ಳಲು ರಾಜ ಇ6ಕ್ಕೆ, ಅಂದರೆ ಬಟ್ಟಬಯಲಿಗೆ ಬರಬೇಕು. ಇಟಲಿಯ ಪೊಲೇರಿಯೊ ಸುಮಾರು 1610ರಲ್ಲಿ ರೋಮ್‌ನಲ್ಲಿ ಹೀಗೆ ಆಡಿ ಗೆದ್ದ ಪಂದ್ಯ ಇವತ್ತಿಗೂ ದಾಖಲೆಯಲ್ಲಿದೆ. ನಾನೂರು ವರ್ಷ ಹಳೆಯ ದಾಳಿ ಹರಿಹರದ ಹುಡುಗನ ಮೊಬೈಲಿಗೆ ಬಂದು ತಲುಪಿದೆ ಅನ್ನೋದು ನನಗೆ ಈಗಲೂ ಅಚ್ಚರಿಯೇ.

ಜರ್ಮನಿಯ ಹಳೆಯ ಕಾಲದ ದೊಡ್ಡ ಆಟಗಾರ ಸೀಗ್ಬರ್ಟ್ ತರಾಶ್ 4. ಕುದುರೆ ಜಿ5 ಕಂಡರೆ ಮೂಗು ಮುರಿಯುತ್ತಿದ್ದರು. ಆಟ ಬಾರದವರು ಆಡುವ ನಡೆ ಅಂತ ಹಳಿದಿದ್ದರು. ಬೇರೆ ಕಾಯಿಗಳು ಇನ್ನೂ ಮನೆಯಲ್ಲೇ ಕೂತಿರುವಾಗ ಒಂದೇ ಕುದುರೆಯನ್ನು ಎರಡು ಸಲ ಆಡಿಸುವುದು ಅವರಿಗೆ ಸರಿಬೀಳಲಿಲ್ಲ. ಆದರೆ ನಡೆ ಕೆಟ್ಟದ್ದೇನೂ ಅಲ್ಲ. ಇವತ್ತಿಗೂ ಗ್ರಾಂಡ್‌ಮಾಸ್ಟರ್‌ಗಳು ಆಡುತ್ತಾರೆ. ಹುಡುಗ ಅದನ್ನು ಆಡಿದ್ದರಲ್ಲಿ ತಪ್ಪಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಈ ನಾಲ್ಕು ನಡೆಗೆ ಅವನು ಒಂದು ನಿಮಿಷವನ್ನೂ ಖರ್ಚು ಮಾಡಿರಲಿಲ್ಲ. ಸೇರ್ಪಡೆ ಸಿಕ್ಕಿದ್ದರಿಂದ ಗಡಿಯಾರದಲ್ಲಿ 60 ನಿಮಿಷಕ್ಕಿಂತ ಜಾಸ್ತಿಯೇ ಇತ್ತು. ಮುಖದಲ್ಲಿ ಗೆಲುವು ಕಾಣುತ್ತಿತ್ತು. ಹಿರಿಯರು ಡಿ5 ಆಡುತ್ತಾರೆ, ಆಮೇಲೆ ಕುದುರೆಯಿಂದ ಹೊಡೆಯುತ್ತಾರೆ, ಆಮೇಲೆ ತಾನು ಎಫ್7ಕ್ಕೆ ನುಗ್ಗುವುದು. ಅಷ್ಟೂ ಅವನ ತಲೆಯಲ್ಲಿ ತಯಾರಿತ್ತು.

4... ಒಂಟೆ ಸಿ5

ಹಿರಿಯರು ಎಫ್7ರ ಕಡೆ ತಿರುಗಿಯೂ ನೋಡಲಿಲ್ಲ. ಒಂಟೆಯನ್ನು ತಂದು ಸಿ5ರಲ್ಲಿಟ್ಟು ಗಡಿಯಾರ ಒತ್ತಿದರು.

ಇದೇ ಟ್ರಾಕ್ಸ್ಲರ್ ಪ್ರತಿದಾಳಿ. ಕರೆಲ್ ಟ್ರಾಕ್ಸ್ಲರ್ ಬೊಹೆಮಿಯಾದ ಒಬ್ಬ ಪಾದ್ರಿ. ಚೆಸ್ ಸಮಸ್ಯೆಗಳನ್ನು ಕಟ್ಟುವುದರಲ್ಲಿ ಹೆಸರು ಮಾಡಿದವರು. 1890ರಲ್ಲಿ ರೈನಿಷ್ ಎಂಬುವರ ಎದುರು ಅವರು ಇದನ್ನು ಆಡಿದರು. ಆ ಪಂದ್ಯದಲ್ಲಿ ಬಿಳಿ ರಾಜ ತನ್ನ ಮನೆ ಬಿಟ್ಟು ಬೋರ್ಡಿನ ಆ ಬದಿಗೆ ಅಟ್ಟಿಸಿಕೊಂಡು ಹೋಗಿ, 17ನೇ ನಡೆಯಲ್ಲಿ ಒಂದು ಪಾನ್ ಕೈಲಿ ಚೆಕ್‌ಮೇಟ್ ಆದ. ಅಮೆರಿಕದಲ್ಲಿ ಇದಕ್ಕೆ ಪೆನ್ಸಿಲ್ವೇನಿಯಾದ ವಿಲ್ಕ್ಸ್-ಬ್ಯಾರಿ ಊರಿನ ಹೆಸರೂ ಇದೆ. ಬೆಲ್ಯಾವ್‌ಸ್ಕಿ, ಶಿರೋವ್ ಥರದ ದೊಡ್ಡ ಆಟಗಾರರು ಯಾವಾಗಲಾದರೊಮ್ಮೆ ಆಡಿದ್ದಾರೆ. ದಿನಾ ಆಡುವ ಧೈರ್ಯ ಆ ಮಟ್ಟದಲ್ಲಿ ಯಾರೂ ಮಾಡುವುದಿಲ್ಲ.

ಕಪ್ಪಿನ ಲೆಕ್ಕಾಚಾರ ಇಷ್ಟು: ನೀನು ನನ್ನ ಎಫ್7 ಹೊಡಿ, ನಾನು ನಿನ್ನ ಎಫ್2 ಹೊಡೆಯುತ್ತೇನೆ. ನೀನು ಆನೆಯೋ ರಾಣಿಯೋ ತಿನ್ನಲು ಹೋಗುವಷ್ಟರಲ್ಲಿ ನಿನ್ನ ರಾಜನ ಮೇಲೆ ನನ್ನ ಕಾಯಿಗಳು ಬಂದಿರುತ್ತವೆ.

ಈ ಪಂದ್ಯದ ಅತಿ ಮುಖ್ಯ ಕ್ಷಣ ಇದು. ಆದರೆ ಹಾಲ್‌ನಲ್ಲಿ ಯಾರಿಗೂ ಹಾಗೆ ಅನ್ನಿಸಿರಲಿಲ್ಲ. ಹುಡುಗನ ಬಾಯಿಪಾಠ ಇಲ್ಲಿಗೆ ಮುಗಿದಿತ್ತು. ಅವನು ನೋಡಿದ ವಿಡಿಯೋದಲ್ಲಿ ಒಂಟೆ ಸಿ5 ಇರಲೇ ಇಲ್ಲ. ಗಡಿಯಾರದಲ್ಲಿ ಪೂರ್ತಿ ಒಂದು ಗಂಟೆ ಇತ್ತು. ಅವನು ತೆಗೆದುಕೊಂಡದ್ದು 20 ಸೆಕೆಂಡ್.

5. ಕುದುರೆ ಎಫ್7 ಹೊಡೆಯಿತು.

ಇಲ್ಲಿ ಬಿಳಿಗೆ ಇನ್ನೊಂದು ದಾರಿ ಇತ್ತು, ಇದಕ್ಕಿಂತ ಗಟ್ಟಿಯಾದದ್ದು. 5. ಒಂಟೆಯಿಂದ ಎಫ್7 ಹೊಡೆದು ಚೆಕ್. ಜಿ5ರ ಕುದುರೆ ಕಾವಲಿಗಿರುವುದರಿಂದ ಕಪ್ಪು ರಾಜ ಒಂಟೆಯನ್ನು ತಿನ್ನುವ ಹಾಗಿಲ್ಲ. ಇ7ಕ್ಕೆ ಏಳಬೇಕು, ಇಲ್ಲ ಎಫ್8ಕ್ಕೆ ಸರಿಯಬೇಕು. ಎರಡರಲ್ಲೂ ಕ್ಯಾಸ್ಲಿಂಗ್, ಅಂದರೆ ಆನೆಯ ಜೊತೆ ಸೇರಿ ರಾಜನನ್ನು ಮೂಲೆಯ ಕಡೆಗೆ ಸರಿಸುವ ಅವಕಾಶ, ಹೋಯಿತು. ಆಮೇಲೆ ಬಿಳಿ ಒಂಟೆ ಬಿ3ಕ್ಕೋ ಡಿ5ಕ್ಕೋ ತಣ್ಣಗೆ ವಾಪಸ್. ಬಿಳಿಗೆ ಒಂದು ಪಾನ್ ಲಾಭ, ಬಿಳಿ ರಾಜನಿಗೆ ಅಪಾಯ ಕಡಿಮೆ. ಎಫ್ ಸಾಲು (ಎಫ್1ರಿಂದ ಎಫ್8ರ ತನಕದ ಮನೆಗಳು) ತೆರೆದುಕೊಂಡಿದ್ದರಿಂದ ಕಪ್ಪಿಗೂ ಆಟ ಇದೆ, ಇಲ್ಲ ಅಂತಲ್ಲ. ಆದರೆ ಹೆಚ್ಚಿನ ಬಲ್ಲವರೂ ಕಂಪ್ಯೂಟರ್ ಎಂಜಿನ್‌ಗಳೂ ಬಿಳಿಗೆ ಇದೇ ಒಳ್ಳೆಯ ದಾರಿ ಎನ್ನುತ್ತಾರೆ.

ಹುಡುಗನಿಗೆ ಇದು ಯಾಕೆ ಹೊಳೆಯಲಿಲ್ಲ? ಇಂಥ ಎಷ್ಟೋ ಪಂದ್ಯಗಳ ಪಕ್ಕ ನಿಂತು ನೋಡಿದವನಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ. ಅವನು ಕಲಿತದ್ದು ಒಂದು ಚಿತ್ರ: ಕುದುರೆ ಎಫ್7ರಲ್ಲಿ, ಒಂದು ಕಾಲು ರಾಣಿ ಮೇಲೆ, ಇನ್ನೊಂದು ಕಾಲು ಆನೆ ಮೇಲೆ. ಆ ಚಿತ್ರ ಬೋರ್ಡಿನ ಮೇಲೆ ಕಂಡ ಕೂಡಲೇ ಕೈ ತಾನಾಗೇ ಹೋಯಿತು. ಎದುರಾಳಿ ಇದನ್ನು ನೋಡಿಯೂ ಯಾಕೆ ಬಿಟ್ಟರು ಎಂಬ ಪ್ರಶ್ನೆ ಬರಬೇಕಿದ್ದ ಜಾಗದಲ್ಲಿ, ಅಂಕಲ್ ನೋಡಿಲ್ಲ ಅನ್ನುವ ಖುಷಿ ಬಂತು.

ರಾಜನ ಮೇಲೆ ಬಿದ್ದದ್ದು

5... ಒಂಟೆ ಎಫ್2 ಹೊಡೆದು ಚೆಕ್
6. ರಾಜ ಎಫ್2 ಹೊಡೆದ, ಕುದುರೆ ಇ4 ಹೊಡೆದು ಚೆಕ್
7. ರಾಜ ಜಿ1, ರಾಣಿ ಎಚ್4

ಆರನೇ ನಡೆಯಲ್ಲಿ ಬಿಳಿ ಒಂಟೆಯನ್ನು ತಿನ್ನಲೇಬೇಕು ಅಂತೇನಿಲ್ಲ. 6. ರಾಜ ಎಫ್1 ಎಂದು ಪಕ್ಕಕ್ಕೆ ಸರಿಯುವುದು ಇಲ್ಲಿ ಆಡುವ ಇನ್ನೊಂದು ನಡೆ. ಕಪ್ಪು ಆಗ ರಾಣಿ ಇ7 ಆಡುತ್ತದೆ, ಬಿಳಿ ಎಚ್8ರ ಆನೆ ತಿನ್ನುತ್ತದೆ, ಕಪ್ಪು ಡಿ5 ತಳ್ಳುತ್ತದೆ. ಭಾರಿ ಗೊಂದಲದ ಆಟ, ಇಬ್ಬರಿಗೂ ಕಷ್ಟ. ರಾಜನಿಂದ ಒಂಟೆ ತಿಂದರೂ ಬಿಳಿ ಅಲ್ಲಿಗೇ ಸೋತಿತು ಅಂತಲ್ಲ. ಎರಡೂ ಕಡೆ ಸರಿಯಾಗಿ ಆಡಿದರೆ ಡ್ರಾ ಅನ್ನುವುದು ಸಿದ್ಧಾಂತದ ಮಾತು. ಆದರೆ ಒಂಬತ್ತನೇ ಕ್ಲಾಸಿನ ಹುಡುಗ ಮೊದಲ ಸಲ ನೋಡುತ್ತಿರುವ ಜಾಗದಲ್ಲಿ ಆ ಡ್ರಾ ಹುಡುಕಬೇಕು ಅನ್ನುವುದು ನ್ಯಾಯದ ನಿರೀಕ್ಷೆಯಲ್ಲ.

ಏಳನೇ ನಡೆಯ ತನಕವೂ ಅವನು ಬೇಗ ಬೇಗ ಆಡಿದ. ಹಿರಿಯರು ರಾಣಿಯನ್ನು ಎಚ್4ಕ್ಕೆ ತಂದಾಗ ಆಟ ಮೊದಲ ಸಲ ನಿಂತಿತು.

ಆ ನಿಮಿಷವನ್ನು ನಾನು ಹತ್ತಿರದಿಂದ ನೋಡಿದೆ. ಹುಡುಗನ ಬಲಗೈ ಎಫ್7ರ ಕುದುರೆಯ ಮೇಲೆ ಹೋಯಿತು. ಎಚ್8ರ ಆನೆ ಇನ್ನೂ ಹಾಗೇ ಇತ್ತು, ಸುಮ್ನೆ ಎತ್ತಿಕೊಂಡರೆ ಆಯಿತು. ಬೆರಳು ಕುದುರೆಯ ಕಿವಿಯಿಂದ ಒಂದಿಂಚು ಮೇಲೆ ನಿಂತಿತು. ಮುಟ್ಟಿದ ಕಾಯಿ ಆಡಲೇಬೇಕು ಅನ್ನುವ ನಿಯಮ ಅವನಿಗೆ ಗೊತ್ತು. ಕಣ್ಣು ಎಚ್4ರ ರಾಣಿಯಿಂದ ಎಫ್2ರ ಖಾಲಿ ಮನೆಗೆ ಹೋಯಿತು, ಅಲ್ಲಿಂದ ಇ4ರ ಕುದುರೆಗೆ. ಕೈ ನಿಧಾನಕ್ಕೆ ವಾಪಸ್ ಬಂತು. ಆನೆ ತಿಂದಿದ್ದರೆ ರಾಣಿ ಎಫ್2, ಅಲ್ಲೇ ಚೆಕ್‌ಮೇಟ್. ಎಫ್2 ಮನೆಗೆ ಇ4ರ ಕುದುರೆಯ ಬೆಂಬಲ ಇರುವುದರಿಂದ ರಾಜ ಆ ರಾಣಿಯನ್ನು ಹೊಡೆಯುವ ಹಾಗಿಲ್ಲ, ಎಚ್1ರಲ್ಲಿ ತನ್ನದೇ ಆನೆ ದಾರಿಗೆ ಅಡ್ಡ. ಅದನ್ನು ಅವನು ಒಬ್ಬನೇ ಕಂಡುಕೊಂಡ. ಹುಡುಗನಿಗೆ ಆಟ ಬರುತ್ತದೆ ಅನ್ನೋದಕ್ಕೆ ನನಗೆ ಇದೇ ಸಾಕ್ಷಿ. ನಿಂತು ನೋಡಿದರೆ ಅವನಿಗೆ ಕಾಣುತ್ತದೆ.

ಆದರೆ ನಿಂತದ್ದು ಎಂಟನೇ ನಡೆಯಲ್ಲಿ. ಇಲ್ಲಿ 14 ನಿಮಿಷ ಯೋಚಿಸಿದ.

8. ರಾಣಿ ಎಫ್1, ಆನೆ ಎಫ್8

ಬಿಳಿ ಇಲ್ಲಿ ಜಿ3 ಪಾನ್ ತಳ್ಳಿ ಹೋರಾಡಬೇಕಿತ್ತು. ಕಪ್ಪು ಕುದುರೆಯಿಂದ ಆ ಪಾನನ್ನೂ ಹೊಡೆಯುತ್ತದೆ, ದಾಳಿ ನಿಲ್ಲುವುದಿಲ್ಲ, ಆದರೂ ಬಿಳಿಗೆ ಉಸಿರಿರುತ್ತದೆ. ರಾಣಿ ಎಫ್1 ನೋಡಲು ತುಂಬಾ ಸರಿಯಾಗಿ ಕಾಣುತ್ತದೆ. ಎಫ್2ಕ್ಕೆ ಕಾವಲು ಆಯಿತು. ಎಫ್7ರ ಕುದುರೆಗೂ ಹಿಂದಿನಿಂದ ಬೆಂಬಲ ಸಿಕ್ಕಿತು. ತೊಂದರೆ ಇಷ್ಟೇ: ಬಿಳಿ ರಾಣಿ ಎಫ್ ಸಾಲಿಗೆ ಬಂದು ನಿಂತಳು, ಕಪ್ಪಿನ ಆನೆ ಒಂದೇ ಹೆಜ್ಜೆಗೆ ಅದೇ ಸಾಲಿಗೆ ಬರುತ್ತದೆ. ಇಷ್ಟು ಹೊತ್ತು ಬಿಟ್ಟಿ ಬಿದ್ದಿದ್ದ ಆನೆ ಒಂದೇ ನಡೆಯಲ್ಲಿ ತಪ್ಪಿಸಿಕೊಂಡಿತು, ದಾಳಿಗೂ ಸೇರಿತು. ಎಫ್7ರ ಕುದುರೆ ಈಗ ಅಲುಗಾಡಿದರೆ ಹಿಂದಿರುವ ರಾಣಿ ಹೋಗುತ್ತಾಳೆ.

9. ಡಿ3, ಕುದುರೆ ಡಿ6

ಡಿ3ಗೆ 6 ನಿಮಿಷ. ಇ4ರ ಕುದುರೆಯನ್ನು ಓಡಿಸುವುದು, ಸಿ1ರ ಒಂಟೆಗೆ ದಾರಿ ಬಿಡುವುದು, ಎರಡೂ ಒಳ್ಳೆಯ ಉದ್ದೇಶವೇ. ಆದರೆ ಅದೇ ಪಾನ್ ಸಿ4ರ ಒಂಟೆ ಎಫ್1ಕ್ಕೆ ವಾಪಸ್ ಬರುವ ದಾರಿಯನ್ನು ಮುಚ್ಚಿತು. ಒಂದನೇ ಸಾಲಿನಲ್ಲಿ ಚೆಕ್ ಬಿದ್ದರೆ ಅಡ್ಡ ಬರಬೇಕಾದ ಕಾಯಿ ಅದೊಂದೇ ಆಗಿತ್ತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಿರಿಯರ ಕುದುರೆ ಹೆದರಿ ಓಡಲಿಲ್ಲ. ಡಿ6ಕ್ಕೆ ಇಳಿದು ಸಿ4ರ ಒಂಟೆಯನ್ನೂ ಎಫ್7ರ ಕುದುರೆಯನ್ನೂ ಒಟ್ಟಿಗೆ ಮುಟ್ಟಿತು.

10. ಕುದುರೆ ಡಿ6 ಹೊಡೆದು ಚೆಕ್, ಸಿ ಪಾನ್ ಡಿ6 ಹೊಡೆಯಿತು
11. ರಾಣಿ ಇ2, ಕುದುರೆ ಡಿ4
12. ರಾಣಿ ಡಿ2

ಹತ್ತನೇ ನಡೆಯಲ್ಲಿ ಎಫ್ ಸಾಲು ಪೂರ್ತಿ ತೆರೆಯಿತು, ರಾಣಿ ಓಡಲೇಬೇಕಾಯಿತು. ಕಪ್ಪಿನ ಇನ್ನೊಂದು ಕುದುರೆ ಡಿ4ಕ್ಕೆ ಹಾರಿ ಮತ್ತೆ ಅದೇ ರಾಣಿಯನ್ನು ಅಟ್ಟಿತು. ರಾಣಿ ಎಫ್2ರ ಕಾವಲು ಬಿಡುವ ಹಾಗಿಲ್ಲ, ಬಿಟ್ಟರೆ ಅಲ್ಲೇ ಮೇಟ್. ಹಾಗಾಗಿ ಡಿ2.

ಈ ಹೊತ್ತಿಗೆ ಹುಡುಗನ ಹತ್ತಿರ ಕಾಯಿ ಲೆಕ್ಕದಲ್ಲಿ ಇನ್ನೂ ಒಂದು ಒಂಟೆ ಜಾಸ್ತಿ ಇತ್ತು, ಒಂದು ಪಾನ್ ಕಮ್ಮಿ. ಬೋರ್ಡ್ ಪಕ್ಕ ಬಂದು ನೋಡಿದ ಇಬ್ಬರು ಮೂವರು ಮಕ್ಕಳು ಹುಡುಗ ಗೆಲ್ಲುತ್ತಿದ್ದಾನೆ ಅಂದುಕೊಂಡೇ ವಾಪಸ್ ಹೋದರು. ಕಾಯಿ ಎಣಿಸಿದರೆ ಹಾಗೇ ಕಾಣುತ್ತದೆ. ಆದರೆ ಬಿಳಿಯ ಎ1ರ ಆನೆ, ಬಿ1ರ ಕುದುರೆ, ಸಿ1ರ ಒಂಟೆ, ಎಚ್1ರ ಆನೆ, ನಾಲ್ಕೂ ಹುಟ್ಟಿದ ಮನೆಯಲ್ಲೇ ಕೂತಿದ್ದವು. ಕಪ್ಪಿನ ರಾಣಿ, ಆನೆ, ಕುದುರೆ ಮೂರೂ ರಾಜನ ಸುತ್ತ ಇದ್ದವು. ಜಗಳ ನಡೆಯುತ್ತಿರುವ ಜಾಗದಲ್ಲಿ ಎಣಿಸಿದರೆ ಬಿಳಿ ಒಂಟಿ.

12... ರಾಣಿ ಜಿ4

ನನಗೆ ಈ ಪಂದ್ಯದಲ್ಲಿ ಅತಿ ಇಷ್ಟವಾದ ನಡೆ ಇದು. ಚೆಕ್ ಇಲ್ಲ. ಹೊಡೆತ ಇಲ್ಲ. ರಾಣಿ ಒಂದು ಮನೆ ಪಕ್ಕಕ್ಕೆ ಸರಿದಳು, ಅಷ್ಟೇ.

ಆತುರದವರು ಇಲ್ಲಿ ಕೂಡಲೇ ಕುದುರೆಯನ್ನು ಎಫ್3ಕ್ಕೆ ಹಾರಿಸಿ ರಾಜ ರಾಣಿ ಇಬ್ಬರಿಗೂ ಫೋರ್ಕ್ ಕೊಡಲು ಹೋಗುತ್ತಾರೆ. ಅದು ಈಗಲೇ ಆಗುವುದಿಲ್ಲ. ಜಿ2ರ ಪಾನ್ ಆ ಕುದುರೆಯನ್ನು ಹೊಡೆದುಬಿಡುತ್ತದೆ. ಹಾಗಾಗಿ ಮೊದಲು ರಾಣಿ ಜಿ4. ಈಗ ಜಿ2ರ ಪಾನ್ ಅಲ್ಲಾಡುವ ಹಾಗಿಲ್ಲ, ಅದರ ಹಿಂದೆ ಜಿ1ರಲ್ಲಿ ರಾಜ ಇದ್ದಾನೆ. ಪಿನ್ ಬಿತ್ತು. ಮುಂದಿನ ನಡೆಗೆ ಕುದುರೆ ಎಫ್3 ನಿಜವಾದ ಬೆದರಿಕೆ.

ಬಿಳಿ ರಾಣಿ ಡಿ2 ಬಿಟ್ಟು ಓಡಿದರೆ? ಉದಾಹರಣೆಗೆ ಜಿ5ಕ್ಕೆ ಹೋಗಿ ರಾಣಿ ಬದಲಾಯಿಸೋಣ ಎಂದರೆ? ಆಗ ಕಪ್ಪು ರಾಣಿ ಸೀದಾ ಡಿ1ಕ್ಕೆ ಹೋಗಿ ಚೆಕ್. ಎಫ್ ಸಾಲು ಆನೆಯ ಕೈಲಿದೆ, ರಾಜ ಎಲ್ಲೂ ಹೋಗಲಾರ. ಅಡ್ಡ ಬರಬೇಕಿದ್ದ ಒಂಟೆಯ ದಾರಿಯಲ್ಲಿ ಡಿ3 ಪಾನ್ ಕೂತಿದೆ. ಮೇಟ್. ಒಂಬತ್ತನೇ ನಡೆಯ ಆ ಪಾನ್ ಹೀಗೆ ಬೆಲೆ ಕೇಳಿತು. ರಾಣಿ ಇ3ಕ್ಕೆ ಹೋದರೂ ಅಷ್ಟೇ. ಡಿ1ರಲ್ಲಿ ಚೆಕ್ ಬಿದ್ದಾಗ ರಾಣಿಯೇ ಇ1ಕ್ಕೆ ಅಡ್ಡ ಬರಬೇಕು, ಅಲ್ಲಿ ಅವಳನ್ನು ಹೊಡೆದರೆ ಅದೇ ಮೇಟ್.

13. ಎಚ್3, ಕುದುರೆ ಎಫ್3 ಚೆಕ್

ಹುಡುಗ ಎಚ್3 ಆಡಿ ಕಪ್ಪು ರಾಣಿಯನ್ನು ಮುಟ್ಟಿದ. ರಾಣಿ ಓಡುತ್ತಾಳೆ ಅಂದುಕೊಂಡ. ಓಡಲಿಲ್ಲ. ಚೆಕ್ ಬಿತ್ತು, ಪಾನ್‌ನಿಂದ ಕುದುರೆ ಹೊಡೆಯುವ ಹಾಗಿಲ್ಲ. ರಾಜ ಎಫ್2ಕ್ಕೆ ಹೋದರೆ ಕುದುರೆ ಡಿ2ರ ರಾಣಿಯನ್ನು ತಿನ್ನುತ್ತದೆ, ಜೊತೆಗೆ ಹಿಂದಿನಿಂದ ಎಫ್8ರ ಆನೆಯ ಚೆಕ್ ತೆರೆದುಕೊಳ್ಳುತ್ತದೆ. ಚೆಕ್ ಇರುವುದರಿಂದ ಎಚ್3 ಪಾನ್ ಕಪ್ಪು ರಾಣಿಯನ್ನು ಹೊಡೆಯಲೂ ಆಗದು. ಹುಡುಗ ಐದು ನಿಮಿಷ ಬೋರ್ಡ್ ನೋಡುತ್ತಾ ಕೂತ. ಆಮೇಲೆ ಗಡಿಯಾರ ನಿಲ್ಲಿಸಿ, ಸೋಲೊಪ್ಪಿ ಕೈ ಕುಲುಕಿದ.

ಪಂದ್ಯದ ಮೇಲಿನ ಮಾತು

ಹೊರಗಡೆ ಮೆಟ್ಟಿಲ ಮೇಲೆ ಮಂಡಕ್ಕಿ, ಮಿರ್ಚಿ ಬಂದಿತ್ತು. ಇಬ್ಬರೂ ಅಲ್ಲೇ ಬೋರ್ಡ್ ಹಾಸಿಕೊಂಡು ಕೂತರು. ಸೋತ ಮಕ್ಕಳು ಎದ್ದು ಹೋಗಿಬಿಡುವುದೇ ಜಾಸ್ತಿ, ಇವನು ಹೋಗಲಿಲ್ಲ.

"ಏನಪ್ಪಾ ತಮ್ಮ, ನಾನು ಒಂಟೆ ಸಿ5 ಇಟ್ಟಾಗ ಏನನ್ನಿಸ್ತು ನಿನಗೆ?" ಹಿರಿಯರು ಕೇಳಿದರು.

"ನೀವು ನೋಡಿಲ್ಲ ಅನ್ಕೊಂಡೆ ಅಂಕಲ್."

"ಎಫ್7 ನೋಡದೇ ಇರ್ತೀನಾ? ಅಷ್ಟು ದೊಡ್ಡದು ಎದುರಿಗೇ ಬಂದು ನಿಂತೈತಿ. ನೋಡಿದ್ದೀನಿ ಅಂದಮೇಲೆ ಯಾಕೆ ಬಿಟ್ಟೆ, ಅದನ್ನ ಕೇಳ್ಕೋಬೇಕು ನೀನು."

"ಆನೆ, ರಾಣಿ ಎರಡರಲ್ಲಿ ಒಂದು ಬಂದೇ ಬರುತ್ತೆ ಅನ್ನಿಸ್ತು."

"ಬರ್ತಿತ್ತು. ತಗೊಳ್ಳೋಕೆ ನಿಂಗೆ ಒಂದು ನಡೆ ಬಿಡುವು ಬೇಕಾಗಿತ್ತು. ಅದನ್ನ ನಾನು ಕೊಡಲಿಲ್ಲ."

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಒಂಟೆಯಿಂದ ಹೊಡೆದಿದ್ರೆ ನೀವು ಏನು ಮಾಡ್ತಿದ್ರಿ?"

ಹಿರಿಯರು ನಕ್ಕರು. "ಆಗ ನನಗೆ ಕಷ್ಟ ಆಗ್ತಿತ್ತು ಮಾರಾಯ. ಬಾ, ಇಟ್ಟು ನೋಡಣ."

ಕುದುರೆಯನ್ನು ಎಫ್7ರಿಂದ ತೆಗೆದು ಮತ್ತೆ ಜಿ5ರಲ್ಲಿಟ್ಟು ಅಲ್ಲಿಂದ ಶುರು ಮಾಡಿದರು. ಇಬ್ಬರೂ ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ.

ಗಡಿಯಾರ ಹೇಳುವುದು

ಹಾಳೆಯ ಅಂಚಿನ ಅಂಕಿಗಳಿಗೆ ಬರುತ್ತೇನೆ. ಐದನೇ ನಡೆಗೆ 20 ಸೆಕೆಂಡ್. ಆರು, ಏಳು ಸೇರಿ ಒಂದೂವರೆ ನಿಮಿಷ. ಎಂಟನೆಯದಕ್ಕೆ 14 ನಿಮಿಷ, ಒಂಬತ್ತಕ್ಕೆ 6, ಆಮೇಲಿನ ನಾಲ್ಕು ನಡೆಗೆ ಹೆಚ್ಚುಕಡಿಮೆ 20. ಅಂದರೆ ಒಳ್ಳೆಯ ದಾರಿಗಳು ಮೂರು ಇದ್ದಾಗ ಅವನು ಯೋಚಿಸಲಿಲ್ಲ. ಎಲ್ಲಾ ದಾರಿಯೂ ಕಿರಿದಾದ ಮೇಲೆ ಯೋಚಿಸಿದ. ಎಷ್ಟು ಯೋಚಿಸಿದರೂ ಇಲ್ಲದ ನಡೆ ಸಿಗುವುದಿಲ್ಲ ಅಲ್ವಾ?

ಇದು ಈ ಹುಡುಗನೊಬ್ಬನ ಕಥೆಯಲ್ಲ. ಚೂಪಾದ ಓಪನಿಂಗ್ ಬಾಯಿಪಾಠ ಮಾಡಿದ ಮಕ್ಕಳ ಹಾಳೆಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ. ಬಾಯಿಪಾಠ ಇರುವ ತನಕ ವೇಗವಾಗಿ ಆಡುವುದು ಸರಿ. ಆದರೆ ಬಾಯಿಪಾಠ ಮುಗಿದ ಮೇಲೂ ಅದೇ ವೇಗದಲ್ಲಿ ಎರಡು ಮೂರು ನಡೆ ಹೋಗಿಬಿಡುತ್ತಾರೆ. ಪಂದ್ಯ ಸೋಲುವುದು ಆ ಎರಡು ಮೂರು ನಡೆಯಲ್ಲಿ. ನಿಧಾನದ ಓಪನಿಂಗ್‌ಗಳಲ್ಲಿ ಅಂಥ ತಪ್ಪಿಗೆ ಒಂದು ಪಾನ್ ಹೋಗಬಹುದು, ಮತ್ತೆ ಸರಿಮಾಡಿಕೊಳ್ಳಬಹುದು. ಟ್ರಾಕ್ಸ್ಲರ್ ಥರದ ಆಟದಲ್ಲಿ ಸರಿಮಾಡಿಕೊಳ್ಳಲು ಬಿಡುವು ಇರುವುದಿಲ್ಲ.

ಹಿರಿಯರ ಕಡೆಯಿಂದಲೂ ನೋಡಬೇಕು. ಎಂಜಿನ್ ಪ್ರಕಾರ ಅವರ ನಾಲ್ಕನೇ ನಡೆ ಪೂರ್ತಿ ಸರಿಯಲ್ಲ. 5. ಒಂಟೆ ಎಫ್7 ಬಂದಿದ್ದರೆ ಅವರು ಒಂದು ಪಾನ್ ಕಳೆದುಕೊಂಡು, ರಾಜನನ್ನು ನಡುಮನೆಯಲ್ಲಿ ಇಟ್ಟುಕೊಂಡು ಆಡಬೇಕಿತ್ತು. ಇದು ಅವರಿಗೂ ಗೊತ್ತು. ಗೊತ್ತಿದ್ದೂ ಆಡಿದರು, ಯಾಕೆಂದರೆ ಆ ಕೆಟ್ಟ ಸ್ಥಿತಿಯನ್ನೂ ಅವರು ಸಾಕಷ್ಟು ಸಲ ಆಡಿದ್ದಾರೆ. ಎಫ್ ಸಾಲಿಗೆ ಆನೆ, ಜಿ6ರ ಕಡೆಗೆ ರಾಣಿ, ಜಿ4ಕ್ಕೆ ಒಂಟೆ, ಯಾವ ಕಾಯಿ ಎಲ್ಲಿಗೆ ಅಂತ ಕೈಗೇ ಗೊತ್ತು. ಹುಡುಗನಿಗೆ ಗೊತ್ತಿದ್ದದ್ದು ಗೆಲ್ಲುವ ನಡೆಗಳ ಒಂದು ಸಾಲು ಮಾತ್ರ. ಹಿರಿಯರಿಗೆ ಗೆಲ್ಲುವ ಸಾಲು, ಸೋಲುವ ಸಾಲು ಎರಡೂ ಗೊತ್ತಿದ್ದವು. ನನ್ನ ಲೆಕ್ಕದಲ್ಲಿ ಒಂದು ಓಪನಿಂಗ್ ಗೊತ್ತು ಅಂತ ಹೇಳಬೇಕಾದರೆ ಎರಡನೆಯದೂ ಗೊತ್ತಿರಬೇಕು.

ಹಾಗಂತ ಮಕ್ಕಳಿಗೆ ಇಂಥ ಆಟ ಬೇಡ, ನಿಧಾನದ್ದೇ ಕಲಿಸಿ ಅನ್ನುವವರ ಜೊತೆ ನಾನಿಲ್ಲ. ಚೂಪಾದ ಆಟದಲ್ಲೇ ಮಕ್ಕಳಿಗೆ ಪಿನ್, ಫೋರ್ಕ್, ತೆರೆದ ಸಾಲು, ರಾಜನ ಅಪಾಯ ಎಲ್ಲವೂ ಮೈಗೆ ಹತ್ತುವುದು. ಈ 13 ನಡೆಯಲ್ಲೇ ಅವು ನಾಲ್ಕೂ ಇವೆ.

ಆಮೇಲೆ

ಈ ಪಂದ್ಯದ ನಂತರ ಕ್ಲಬ್ಬಿನಲ್ಲಿ ಓಪನಿಂಗ್ ಕಲಿಸುವ ರೀತಿ ಸ್ವಲ್ಪ ಬದಲಾಯಿತು. ಮೊದಲು ನಡೆಗಳನ್ನು ಬೋರ್ಡಿನ ಮೇಲೆ ತೋರಿಸಿ ಬರೆಸುತ್ತಿದ್ದೆವು. ಈಗ ಮಗು ಸಾಲು ಒಪ್ಪಿಸುತ್ತಾ ಹೋಗುವಾಗ ಎದುರಿಗೆ ಕೂತವರು ಬೇಕೆಂದೇ ಎಲ್ಲೋ ಒಂದು ಕಡೆ ಸಾಲಿನಲ್ಲಿಲ್ಲದ ನಡೆ ಆಡುತ್ತಾರೆ. ಆಗ ಮಗು ಕೈ ಎರಡನ್ನೂ ತೊಡೆಯ ಕೆಳಗಿಟ್ಟುಕೊಂಡು ಐದು ನಿಮಿಷ ಕೂರಬೇಕು. ಮೊದಲ ಪ್ರಶ್ನೆ: ಇವರು ಇದನ್ನು ಯಾಕೆ ಆಡಿದರು? ಎರಡನೆಯದು: ನಾನು ಆಡಬೇಕು ಅಂದುಕೊಂಡಿದ್ದ ನಡೆ ಈಗಲೂ ಸರಿಯಿದೆಯಾ? ಉತ್ತರ ಬಾಯಿಬಿಟ್ಟು ಹೇಳಿದ ಮೇಲೆಯೇ ಕಾಯಿ ಮುಟ್ಟುವುದು. ಚಿಕ್ಕ ಮಕ್ಕಳಿಗೆ ಐದು ನಿಮಿಷ ಕೂರುವುದು ಶಿಕ್ಷೆ ಥರ ಅನ್ನಿಸುತ್ತದೆ, ಗೋಳಾಡುತ್ತಾರೆ. ದೊಡ್ಡ ಮಕ್ಕಳಲ್ಲಿ ಬದಲಾವಣೆ ಹಾಳೆಯ ಅಂಚಿನಲ್ಲೇ ಕಾಣುತ್ತಿದೆ.

ಹರಿಹರದ ಹುಡುಗ ಮುಂದಿನ ಸುತ್ತಿನ ಲೀಗಿನಲ್ಲಿ ಅದೇ ಹಿರಿಯರ ಎದುರು ಮತ್ತೆ ಬಿಳಿ ಪಡೆದ. 4. ಕುದುರೆ ಜಿ5, ಒಂಟೆ ಸಿ5. ಎರಡೂ ಕಡೆ ಹಠ. ಈ ಸಲ ಅವನಿಗೆ ಉತ್ತರ ಗೊತ್ತಿತ್ತು, ಆದರೂ ನಾಲ್ಕು ನಿಮಿಷ ಕೂತ. ಆಮೇಲೆ ಒಂಟೆಯಿಂದ ಎಫ್7 ಹೊಡೆದು ಚೆಕ್ ಕೊಟ್ಟ. ರಾಜ ಇ7. ಒಂಟೆ ಬಿ3, ಆನೆ ಎಫ್8, ಕ್ಯಾಸ್ಲಿಂಗ್, ಡಿ6, ಕುದುರೆ ಸಿ3, ರಾಣಿ ಇ8, ಕುದುರೆ ಡಿ5 ಚೆಕ್, ರಾಜ ಡಿ8. ಬಿಳಿ ರಾಜ ಮೂಲೆಯಲ್ಲಿ ಭದ್ರ, ಕಪ್ಪು ರಾಜ ನಡುವೆ. ಪಾನ್ ಒಂದು ಲಾಭ. ಅಲ್ಲಿಂದ ಹಿರಿಯರು ಎಫ್ ಸಾಲಿನ ಆನೆಯಿಂದ ಹುಡುಗನನ್ನು ಇಡೀ ಬೆಳಿಗ್ಗೆ ಕಾಡಿದರು. ಕೊನೆಗೆ ಆನೆಗಳ ಎಂಡ್‌ಗೇಮ್‌ನಲ್ಲಿ ಡ್ರಾ ಆಯಿತು.

ಒಂಟೆ ಬಿ3ಕ್ಕೆ ಹೋಗಬೇಕಿತ್ತಾ ಡಿ5ಕ್ಕಾ ಎಂಬ ಬಗ್ಗೆ ಇಬ್ಬರಿಗೂ ಇನ್ನೂ ಒಮ್ಮತವಿಲ್ಲ. ಡಿ5ಕ್ಕೆ ಬಂದರೆ ಸಿ6ರ ಕುದುರೆಯನ್ನು ಹೊಡೆಯುವ ಆಯ್ಕೆ ಉಳಿಯುತ್ತದೆ, ಡಿ4ಕ್ಕೆ ಹಾರುವ ಕಾಯಿಯೇ ಇರುವುದಿಲ್ಲ, ನನಗೆ ಅದೇ ಭಯ ಎನ್ನುತ್ತಾರೆ ಹಿರಿಯರು. ಹುಡುಗನಿಗೆ ಆ ಒಂಟೆಯನ್ನು ಕೊಡಲು ಮನಸ್ಸಿಲ್ಲ.